ಅಪ್‌ಡೇಟ್: ಕಿರಿಯ ಸಂಶೋಧಕಿಯಾಗಿ ಮೈಸೂರಿನಲ್ಲೇ ಸೇರಿದೆ

ಮುಪ್ಪು ಮತ್ತು ಚಲನೆಯ ತೊಂದರೆಗಳ ಅಧ್ಯಯನವೊಂದಕ್ಕೆ ಮೈಸೂರಿನಲ್ಲಿ ಸೇರಬೇಕೇ, ಬೆಂಗಳೂರಿನ ಪ್ರಯೋಗಾಲಯಕ್ಕಾಗಿ ಕಾಯಬೇಕೇ ಎಂದು ಹಿಂದೆ ಕೇಳಿದ್ದೆ. ಹಲವರ ಸಲಹೆಯಂತೆ ಇಲ್ಲಿಯೇ ಸೇರಿದೆ. ಸಂಬಳ ಸಾಧಾರಣವಾದರೂ ಕೆಲಸ ಮನಸ್ಸಿಗೆ ಹಿಡಿಸಿದೆ.

ಹೆಚ್ಚಿನ ಸಮಯ ಮಂಡ್ಯದ ಹಳ್ಳಿಗಳಲ್ಲಿ ಕಳೆಯುತ್ತದೆ. ಹಿರಿಯರು ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲು ಹಿಡಿಯುವ ಸಮಯವನ್ನು ಅಳೆಯುವ ಪರೀಕ್ಷೆ ಸರಳವೆನಿಸಿದರೂ, ತಿರುಗುವಾಗ ಇಡುವ ಪುಟ್ಟ ಹೆಜ್ಜೆಗಳು, ಬೀಸದೆ ಉಳಿಯುವ ಒಂದು ತೋಳು, ಗಡಿಯಾರಕ್ಕೆ ಸಿಗದ ಎಷ್ಟೋ ಸಂಗತಿಗಳನ್ನು ತಿಳಿಸುತ್ತವೆ. ಪಾರ್ಕಿನ್ಸನ್ ಕಾಯಿಲೆಯವರು (ಮೆದುಳಿನ ತೊಂದರೆಯಿಂದ ಚಲನೆ ನಿಧಾನವಾಗುವ ಕಾಯಿಲೆ ಇದು) ಅದರ ಮುಖ್ಯ ಔಷಧಿಯಾದ ಲೆವೊಡೋಪಾ ಮಾತ್ರೆ ನುಂಗಿ ಎಷ್ಟು ಹೊತ್ತಾಯಿತೆಂದು ಬರೆದುಕೊಳ್ಳದಿದ್ದರೆ ಅಳತೆಗೆ ಅರ್ಥವೇ ಇರುವುದಿಲ್ಲ, ಏಕೆಂದರೆ ಔಷಧಿಯ ಪ್ರಭಾವ ಇಳಿದಾಗ ಅದೇ ವ್ಯಕ್ತಿಯ ನಡಿಗೆ ಬೇರೆಯೇ ಆಗಿರುತ್ತದೆ. ಪ್ರೋಟೀನ್ ಹೆಚ್ಚಿರುವ ಊಟ ಮಾತ್ರೆಯ ಪರಿಣಾಮವನ್ನು ತಗ್ಗಿಸಬಲ್ಲದಾದ್ದರಿಂದ ಊಟದ ಹೊತ್ತನ್ನೂ ಕೇಳುತ್ತೇವೆ.

ನನ್ನನ್ನು ನಿಜಕ್ಕೂ ನೋಯಿಸುವುದು "ವಯಸ್ಸಾಯ್ತಲ್ಲ, ಬಿಡಿ" ಎಂಬ ಮನೆಯವರ ಮಾತು. ಜೇಮ್ಸ್ ಪಾರ್ಕಿನ್ಸನ್ 1817ರಲ್ಲೇ ವಿವರಿಸಿದ ಕಾಯಿಲೆ, ಕೈನಡುಕ ಕಾಣಿಸದವರಲ್ಲಂತೂ, ಮುಪ್ಪೆಂದೇ ಕಡೆಗಣಿಸಲ್ಪಡುತ್ತದೆ. ಈ ಕಾಯಿಲೆಯಿಂದ ದನಿ ಕುಗ್ಗಿದವರಿಗೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹತ್ತಿರವಿರುವುದು ಇಲ್ಲಿನ ದೊಡ್ಡ ಅನುಕೂಲ.

ತಿರುಗುವಾಗ ಕಾಲು ಕಚ್ಚಿಕೊಂಡಂತೆ ನಿಲ್ಲುವ ತೊಂದರೆಯ ಕುರಿತು ಪಿಎಚ್‌ಡಿ ಮಾಡಲು ಮಾರ್ಗದರ್ಶಕರು ಒಪ್ಪಿದ್ದಾರೆ. ಅರ್ಜಿಯ ಕರಡು ಬರೆಯುತ್ತಿದ್ದೇನೆ.