ಆಕ್ಸೊಲಾಟಲ್ ಕಿವಿರು ಸಣ್ಣಗಾಗಿದೆ, ಬೆರಳ ತುದಿ ಕಪ್ಪಾಗಿದೆ: ರೂಪಾಂತರ ಶುರುವಾಯ್ತಾ?

ಪ್ರಶ್ನೆ:
ನನ್ನ ಆಕ್ಸೊಲಾಟಲ್‌ಗೆ (ದೊಡ್ಡದಾದರೂ ಮರಿಯ ರೂಪದಲ್ಲೇ ನೀರಿನಲ್ಲಿ ಬದುಕುವ ಸಾಲಮಾಂಡರ್, ಹಲ್ಲಿಯಂತೆ ಕಾಣುವ ಉಭಯಚರಿ) ಹತ್ತು ತಿಂಗಳು. ಬಿಳಿ ಮೈ, ಕಪ್ಪು ಕಣ್ಣು, ಉದ್ದ ಸುಮಾರು 20 ಸೆಂ.ಮೀ. ಮೊದಲು ಕಿವಿರು ಕೆಂಪು ಗರಿಯ ಹಾಗೆ ಹರಡಿಕೊಂಡಿರುತ್ತಿತ್ತು. ಮೂರು ವಾರದಿಂದ ಕಡ್ಡಿ ಉದುರಿದ ಪೊರಕೆಯಂತಾಗಿದೆ, ತುದಿ ಮುಂದಕ್ಕೆ ಬಾಗಿದೆ. ಸಾಲದ್ದಕ್ಕೆ ಬೆರಳ ತುದಿಗಳೆಲ್ಲ ಇಂಕಿನಲ್ಲಿ ಅದ್ದಿದಂತೆ ಕಪ್ಪು. ನೆಲದ ಮೇಲೆ ಬದುಕುವ ಸಾಲಮಾಂಡರ್ ಆಗುತ್ತಿದೆಯಾ? ನೀರು ಇಳಿಸಿ ಕಲ್ಲು ಇಡಲಾ? ಊಟ ಮಾತ್ರ ಚೆನ್ನಾಗಿ ಮಾಡುತ್ತಿದೆ.

ಉತ್ತರ 1:
ನೀರು ಇಳಿಸಬೇಡಿ! ನೀವು ಎರಡು ಬೇರೆ ಬೇರೆ ವಿಷಯ ಸೇರಿಸಿ ಗಾಬರಿಯಾಗಿದ್ದೀರಿ. ಬೆರಳು ಕಪ್ಪಾಗಿದ್ದು ಕಾಯಿಲೆಯಲ್ಲ, ಪ್ರಾಯಕ್ಕೆ ಬಂದ ಗುರುತು. ತಿಳಿ ಬಣ್ಣದವುಗಳಲ್ಲಿ ಎದ್ದು ಕಾಣುತ್ತದೆ, ಅಷ್ಟೆ. ಹಿಂಗಾಲಿನ ಹಿಂದೆ, ಬಾಲದ ಬುಡದಲ್ಲಿ ಎರಡು ಉಬ್ಬು ಕಂಡರೆ ಗಂಡು.

ರೂಪಾಂತರ ಆದರೆ ಕಿವಿರೊಂದೇ ಸಣ್ಣಗಾಗುವುದಿಲ್ಲ. ಬೆನ್ನು, ಬಾಲದ ಮೇಲಿನ ತೆಳು ಈಜುರೆಕ್ಕೆ ಕರಗುತ್ತದೆ. ಕಣ್ಣು ಉಬ್ಬಿ ರೆಪ್ಪೆ ಮೂಡುತ್ತದೆ. ಚರ್ಮ ಸುಲಿಯುತ್ತದೆ. ತಾನಾಗಿಯೇ ಹೀಗಾಗುವುದು ಬಹಳ ಅಪರೂಪ. 1865ರಲ್ಲಿ ಪ್ಯಾರಿಸ್‌ನಲ್ಲಿ ಕೆಲವು ಮರಿಗಳು ಹಾಗೆ ಬದಲಾದಾಗ ದ್ಯುಮೆರಿಲ್ ಎಂಬ ಪ್ರಾಣಿವಿಜ್ಞಾನಿಯೇ ಬೆರಗಾಗಿದ್ದರು.

ಕಿವಿರು ಮುಂದಕ್ಕೆ ಬಾಗಿದೆ ಅಂದ್ರಲ್ಲ, ನನ್ನ ಅನುಮಾನ ಅಲ್ಲೇ. ಅದು ಒತ್ತಡದ ಲಕ್ಷಣ. ಇತ್ತೀಚೆಗೆ ಫಿಲ್ಟರ್ ಬದಲಾಯಿಸಿದ್ರಾ? ಹೊಲಸಿನಿಂದ ನೀರಿಗೆ ಸೇರುವ ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಎಷ್ಟಿದೆ, ಉಷ್ಣಾಂಶ ಎಷ್ಟಿದೆ ನೋಡಿ ಹೇಳಿ. ಸುಮ್ನೆ "ನೀರು ಚೆನ್ನಾಗಿದೆ" ಅಂದರೆ ಆಗದು, ಅಂಕಿ ಬೇಕು. ಕಿವಿರ ಮೇಲೆ ಹತ್ತಿಯಂಥ ಬಿಳಿ ಎಳೆ (ಶಿಲೀಂಧ್ರ) ಇದೆಯಾ?

ಪ್ರಶ್ನೆ ಕೇಳಿದವರು:
ಹತ್ತಿ ಇಲ್ಲ. ರೆಕ್ಕೆ ಹಾಗೇ ಇದೆ, ರೆಪ್ಪೆಯೂ ಇಲ್ಲ. ಅಮೋನಿಯಾ 0, ನೈಟ್ರೈಟ್ 0. ನೈಟ್ರೇಟ್ 60 ಪಿಪಿಎಂ (ಹತ್ತು ಲಕ್ಷಕ್ಕೆ 60 ಭಾಗ) ದಾಟಿದೆ. ನೀರು 22 ಡಿಗ್ರಿ. ಹೌದು, ತಿಂಗಳ ಹಿಂದೆ ದೊಡ್ಡ ಫಿಲ್ಟರ್ ಹಾಕಿದೆ. ಈಗ ಗಮನಿಸಿದರೆ ಪಾಪದ್ದು ಯಾವಾಗಲೂ ಕೊಳವೆಯ ಒಳಗೇ ಅಡಗಿರುತ್ತದೆ.

ಉತ್ತರ 2:
ಹಾಗಿದ್ರೆ ಕಾರಣ ಸಿಕ್ಕಿತಲ್ಲ: ದೊಡ್ಡ ಫಿಲ್ಟರ್‌ನ ಸೆಳೆತ, ಜಾಸ್ತಿಯಾದ ನೈಟ್ರೇಟ್, ಬೆಚ್ಚಗಿನ ನೀರು. ಫಿಲ್ಟರ್ ನೀರು ಬರುವ ಬಾಯಿಯನ್ನು ಗಾಜಿನ ಕಡೆ ತಿರುಗಿಸಿ, ಇಲ್ಲವೇ ಸ್ಪಾಂಜ್ ಕಟ್ಟಿ. ಎಲೆಯೊಂದನ್ನು ನೀರಿಗೆ ಬಿಡಿ: ಗಿರಗಿರ ಓಡಿದರೆ ಸೆಳೆತ ಇನ್ನೂ ಜಾಸ್ತಿ. ಕ್ಲೋರಿನ್ ತೆಗೆದ, ಅಷ್ಟೇ ತಂಪಿನ ನೀರನ್ನು ದಿನ ಬಿಟ್ಟು ದಿನ ಕಾಲುಭಾಗ ಬದಲಾಯಿಸಿ, ನೈಟ್ರೇಟ್ 20ಕ್ಕಿಂತ ಕೆಳಗಿಳಿಯುವವರೆಗೆ. ನೀರಿನ ಮೇಲೆ ಫ್ಯಾನ್ ಗಾಳಿ ಬಿಟ್ಟು 16ರಿಂದ 18 ಡಿಗ್ರಿಗೆ ತರಲು ನೋಡಿ. 24 ದಾಟಿದರೆ ಅಪಾಯ.

ಅಯೋಡಿನ್ ಹಾಕಿ ರೂಪಾಂತರ ಮಾಡಿಸುವ ಸಲಹೆ ಎಲ್ಲಾದರೂ ಕಂಡರೆ ಕಡೆಗಣಿಸಿ. ಎಷ್ಟೋ ಪ್ರಾಣಿಗಳು ಅದರಲ್ಲೇ ಸಾಯುತ್ತವೆ.

ಪ್ರಶ್ನೆ ಕೇಳಿದವರು (ಐದು ವಾರದ ನಂತರ):
ನೈಟ್ರೇಟ್ 15, ನೀರು 18 ಡಿಗ್ರಿ. ಕಿವಿರು ಮೂರನೇ ದಿನಕ್ಕೇ ಹಿಂದಕ್ಕೆ ಸರಿಯಿತು. ಎಳೆಗಳು ಮಾತ್ರ ನಿಧಾನ. ಎಡಗಡೆಯ ಮೇಲಿನ ಕಡ್ಡಿಯಲ್ಲಿ ಹೊಸ ಕೆಂಪು ಎಳೆ ಸಾಲಾಗಿ ಮೂಡಿದೆ, ಬಲಗಡೆ ಇನ್ನೂ ಬೋಳು. ಬಾಲದ ಬುಡದ ಉಬ್ಬೂ ಕಂಡಿತು. ಇಷ್ಟು ದಿನ "ಅವಳು" ಅನ್ನುತ್ತಿದ್ದೆ.