ಜಾಗೃತಿ ಜಾಥಾ ಮಾಡಿದರೆ ಮಾನಸಿಕ ಕಾಯಿಲೆಯ ಕಳಂಕ ಹೋಗುತ್ತದಾ?

ಹಾಯಿದೋಣಿ:
ನಾವು ಒಂದಷ್ಟು ಜನ ಸೇರಿ ಮಾನಸಿಕ ಆರೋಗ್ಯದ ಬಗ್ಗೆ ಜಾಥಾ ಮಾಡೋಣ ಅಂತ ಹೊರಟಿದ್ದೇವೆ. ಪೋಸ್ಟರ್, ಭಾಷಣ, ಬೀದಿ ನಾಟಕ, ಇಂಥದ್ದೇ. ಆದರೆ ನನಗೊಂದು ಅನುಮಾನ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಮಾನಸಿಕ ಕಾಯಿಲೆ ಇರುವ ನಾಲ್ವರಲ್ಲಿ ಮೂವರಿಗಿಂತ ಜಾಸ್ತಿ ಜನಕ್ಕೆ ಚಿಕಿತ್ಸೆಯೇ ಸಿಗುವುದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಾರಣ ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ನಾಚಿಕೆ, ಅಜ್ಞಾನ, ಮೂಢನಂಬಿಕೆ. ಸರಿ, ಡಾಕ್ಟರೂ ಇಲ್ಲ ಮಾತ್ರೆಯೂ ಇಲ್ಲ ಅಂದಮೇಲೆ, ನಾಚಿಕೆ ಬಿಟ್ಟು ಬಂದವರು ಎಲ್ಲಿಗೆ ಹೋಗಬೇಕು? ಸುಮ್ನೆ ವಾದಕ್ಕೆ ಕೇಳುತ್ತಿಲ್ಲ. ಇರುವ ಅಷ್ಟಿಷ್ಟು ದುಡ್ಡನ್ನು ಯಾವುದಕ್ಕೆ ಹಾಕಬೇಕು ಅಂತ ತೀರ್ಮಾನ ಮಾಡಬೇಕಾಗಿದೆ.

ಬಿಳಿಹಾಳೆ:
ಚಿಕಿತ್ಸೆ ಮೊದಲು, ನನ್ನ ಪ್ರಕಾರ. ಚಿಕಿತ್ಸೆ ಸಿಗದ ಕಡೆ ಜನ ನೋಡುವುದು ಯಾರನ್ನು ಹೇಳಿ? ವರ್ಷಗಟ್ಟಲೆ ಔಷಧಿ ಇಲ್ಲದೆ ಪೂರ್ತಿ ಹದಗೆಟ್ಟವರನ್ನು ಮಾತ್ರ. ಮಾತ್ರೆ ತಗೊಂಡು ಸುಧಾರಿಸಿಕೊಂಡು ಕೆಲಸಕ್ಕೆ ಹೋಗುತ್ತಿರುವವರು ಕಣ್ಣಿಗೇ ಬೀಳುವುದಿಲ್ಲ. ಹಾಗಾಗಿ "ಇದು ವಾಸಿಯಾಗುವ ಕಾಯಿಲೆ ಅಲ್ಲ" ಅನ್ನುವುದು ಅವರು ಕಣ್ಣಾರೆ ಕಂಡ ಸತ್ಯ, ಅದನ್ನು ಅಜ್ಞಾನ ಅಂತ ಜರಿದರೆ ಏನು ಬಂತು.

ಡಾಕ್ಟರ್ ಇಲ್ಲ ಅನ್ನುವುದಕ್ಕೆ ಜಿಂಬಾಬ್ವೆ ನೋಡಿ. ಇಡೀ ದೇಶಕ್ಕೆ ಮನೋವೈದ್ಯರು ಬೆರಳೆಣಿಕೆಯಷ್ಟು. ಅವರಲ್ಲೊಬ್ಬರು ಡಿಕ್ಸನ್ ಚಿಬಾಂಡಾ. 2006ರಲ್ಲಿ ಅಲ್ಲಿನ ರಾಜಧಾನಿ ಹರಾರೆಯ ಕ್ಲಿನಿಕ್‌ಗಳಲ್ಲಿ ಆಗಲೇ ಆರೋಗ್ಯ ಕೆಲಸ ಮಾಡುತ್ತಿದ್ದ ಅಜ್ಜಿಯರಿಗೇ ತರಬೇತಿ ಕೊಟ್ಟರು. ಕ್ಲಿನಿಕ್ ಹೊರಗೆ ಒಂದು ಮರದ ಬೆಂಚು. ಬಂದವರ ಮಾತು ಕೇಳುವುದು, ಅವರ ಕಷ್ಟಗಳಲ್ಲಿ ಮೊದಲು ಬಗೆಹರಿಸಬೇಕಾದ್ದು ಯಾವುದು ಅಂತ ಅವರ ಕೈಲೇ ಆರಿಸಿ, ಒಂದು ದಾರಿ ಹುಡುಕುವುದು. ಅಷ್ಟೇ. 2016ರಲ್ಲಿ ಇದರ ಪರೀಕ್ಷೆಯ ಫಲಿತಾಂಶ ಬಂತು. ಆರು ತಿಂಗಳ ನಂತರ, ಮಾಮೂಲಿ ಆರೈಕೆ ಸಿಕ್ಕವರಲ್ಲಿ ಸುಮಾರು 50% ಜನಕ್ಕೆ ಖಿನ್ನತೆಯ ಲಕ್ಷಣ ಇನ್ನೂ ಇತ್ತು, ಬೆಂಚಿನ ಮೇಲೆ ಕೂತು ಹೋದವರಲ್ಲಿ 14%. ಬೆಂಚಿನ ಮೇಲೆ ಅಜ್ಜಿ ಹತ್ತಿರ ಕೂತವರನ್ನು ನೋಡಿ ಯಾರು ಏನಂತಾರೆ?

ಅರ್ಧಚಂದ್ರ:
ಬೆಂಚು ಚೆನ್ನಾಗಿದೆ, ಒಪ್ಪಿದೆ. ಆದರೆ ಅದು ಖಿನ್ನತೆ, ಆತಂಕಕ್ಕೆ. ಸ್ಕಿಜೋಫ್ರೀನಿಯಾದಂಥ, ಇಲ್ಲದ ದನಿ ಕೇಳಿಸುವ, ಭ್ರಮೆ ಕಾಡುವ ತೀವ್ರ ಕಾಯಿಲೆ ಇರುವವರ ಕಥೆ ಏನು? ಈ ಚರ್ಚೆಗಳಲ್ಲಿ ಅವರು ಯಾವಾಗಲೂ ಪಕ್ಕಕ್ಕೆ ಹೋಗಿಬಿಡುತ್ತಾರೆ, ಯಾಕೆಂದರೆ ಖಿನ್ನತೆ ಬಗ್ಗೆ ಪೋಸ್ಟರ್ ಮಾಡುವುದು ಸುಲಭ.

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾ ಪಕ್ಕದಲ್ಲಿ ಮಾನಸಿಕ ರೋಗಿಗಳನ್ನು ಇಟ್ಟಿದ್ದ ಖಾಸಗಿ ಶೆಡ್ ಒಂದಕ್ಕೆ ಬೆಂಕಿ ಬಿತ್ತು. ಸರಪಳಿ ಹಾಕಿ ಕಟ್ಟಿದ್ದರಿಂದ ಓಡಲಾಗದೆ 28 ಜನ ಸತ್ತರು. ಇಂಡೋನೇಷ್ಯಾದಲ್ಲಿ ಮನೆಯವರೇ ರೋಗಿಯನ್ನು ಕಟ್ಟಿಹಾಕುವ ರೂಢಿಯನ್ನು 1977ರಲ್ಲೇ ನಿಷೇಧ ಮಾಡಿದರು, ಇವತ್ತಿಗೂ ಪೂರ್ತಿ ನಿಂತಿಲ್ಲ. ಮನೆಯವರು ಕ್ರೂರಿಗಳು ಅಂತಲೂ ಅಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯಲು ಹೋಗಬೇಕು, ಮಗ ಮನೆ ಬಿಟ್ಟು ಓಡಿಹೋಗುತ್ತಾನೆ, ಔಷಧಿ ಸಿಗುವ ಜಾಗಕ್ಕೆ ಹೋಗಿಬರಲು ಇಡೀ ದಿನ ಬೇಕು. ಏನು ಮಾಡುತ್ತಾರೆ?

ಇನ್ನು ಕಾನೂನು. ನಾಚಿಕೆಯನ್ನು ಜನ ಮಾತ್ರ ಹುಟ್ಟಿಸಲಿಲ್ಲ, ಸರ್ಕಾರಗಳೂ ಹುಟ್ಟಿಸಿವೆ. ನೈಜೀರಿಯಾದಲ್ಲಿ 1958ರ ಹುಚ್ಚರ ಕಾಯ್ದೆ 2023ರವರೆಗೂ ನಡೆದುಬಂತು. ಆತ್ಮಹತ್ಯೆಗೆ ಪ್ರಯತ್ನಿಸಿದವರನ್ನು ಅಪರಾಧಿ ಅನ್ನುವುದನ್ನು ಪಾಕಿಸ್ತಾನ ಬಿಟ್ಟಿದ್ದು 2022ರಲ್ಲಿ, ಘಾನಾ 2023ರಲ್ಲಿ. ಅಂಥ ಕಾನೂನು ಇರುವ ಕಡೆ ಮನೆಯವರು ಆಸ್ಪತ್ರೆಯಲ್ಲಿ ನಿಜ ಹೇಳುತ್ತಾರಾ? ಭಾರತದ 2017ರ ಮಾನಸಿಕ ಆರೋಗ್ಯ ಕಾಯ್ದೆ ಆತ್ಮಹತ್ಯೆಗೆ ಪ್ರಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರು ಅಂತ ಭಾವಿಸಬೇಕು, ಶಿಕ್ಷಿಸಬಾರದು ಅನ್ನುತ್ತದೆ. ಸರಪಳಿ ಹಾಕುವುದನ್ನೂ ನಿಷೇಧಿಸಿದೆ. ಕಾಗದದ ಮೇಲೆ ಒಳ್ಳೆಯದೇ ಇದೆ.

ಸಂಜೆಪಾಳಿ:
ನಾನು ನರ್ಸ್. ಬೆಂಚು, ಕಾನೂನು ಎಲ್ಲಾ ಓಕೆ, ನನ್ನ ತಕರಾರು ಸ್ಟಾಕ್ ಬಗ್ಗೆ. ಹ್ಯಾಲೊಪೆರಿಡಾಲ್, ಫ್ಲುಆಕ್ಸೆಟಿನ್ ಇವೆಲ್ಲ ಹಳೇ ಔಷಧಿಗಳು, ದುಬಾರಿಯಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿ ಪಟ್ಟಿಯಲ್ಲೇ ಇವೆ. ಆದರೂ "ಮುಂದಿನ ತಿಂಗಳು ಬನ್ನಿ" ಅಂತ ವಾಪಸ್ ಕಳಿಸುವುದು ತಪ್ಪುವುದಿಲ್ಲ. ಮಾತ್ರೆ ನಿಲ್ಲುತ್ತದೆ, ಕಾಯಿಲೆ ಮರುಕಳಿಸುತ್ತದೆ, ನೆರೆಹೊರೆಯವರು "ನೋಡಿ, ಇಂಗ್ಲಿಷ್ ಔಷಧಿಯಿಂದ ಏನೂ ಆಗಲಿಲ್ಲ" ಅನ್ನುತ್ತಾರೆ. ಕಳಂಕ ಹೀಗೂ ಬೆಳೆಯುತ್ತದೆ. ಸರ್ಕಾರಗಳು ಆರೋಗ್ಯಕ್ಕೆ ಇಡುವ ದುಡ್ಡಿನಲ್ಲಿ ಮಾನಸಿಕ ಆರೋಗ್ಯಕ್ಕೆ ಹೋಗುವುದು ಜಗತ್ತಿನಾದ್ಯಂತ ಸುಮಾರು 2%, ಬಡ ದೇಶಗಳಲ್ಲಿ ಇನ್ನೂ ಕಮ್ಮಿ.

ಇನ್ನೊಂದು, "ಮಾನಸಿಕ ರೋಗಿಗಳ ವಿಭಾಗ" ಅಂತ ದೊಡ್ಡ ಬೋರ್ಡ್ ಹಾಕಿ ಬೇರೆ ಬಾಗಿಲು ಇಟ್ಟರೆ ಆ ಬಾಗಿಲಿಗೆ ಯಾರು ಬರುತ್ತಾರೆ? ಬಿಪಿ, ಶುಗರ್ ನೋಡುವ ಡಾಕ್ಟರೇ ಇದನ್ನೂ ನೋಡಬೇಕು. ಹೊಸ ವಿಚಾರವೇನಲ್ಲ. 1980ರ ದಶಕದಲ್ಲೇ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಾಡಿ ತೋರಿಸಿದ್ದರು. ಭಾರತದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಗಿದ್ದು ಅದೇ ಮಾದರಿಯ ಮೇಲೆ, 1996ರಲ್ಲಿ. ಅಷ್ಟಾದರೂ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಕಾಯಿಲೆ ಯಾವುದು ಅನ್ನುವುದರ ಮೇಲೆ, 70ರಿಂದ 92% ಜನ ಚಿಕಿತ್ಸೆಯ ಹೊರಗೇ ಇದ್ದರು.

ಹಾಯಿದೋಣಿ:
ಎಲ್ಲರಿಗೂ ಥ್ಯಾಂಕ್ಸ್. ಅಂದರೆ ಜಾಥಾ ಬೇಡವೇ ಬೇಡ ಅಂತಾನಾ? ನಮ್ಮವರು ಆಗಲೇ "ಇದು ಮೆದುಳಿನ ಕಾಯಿಲೆ, ಸಕ್ಕರೆ ಕಾಯಿಲೆ ಇದ್ದ ಹಾಗೆ" ಅಂತ ಪೋಸ್ಟರ್ ಬರೆಸಿದ್ದಾರೆ. ಮಂತ್ರವಾದಿಗಳ ವಿರುದ್ಧವೂ ಒಂದು ನಾಟಕ ಇದೆ.

ಬಿಳಿಹಾಳೆ:
ಆ ಪೋಸ್ಟರ್ ಬಗ್ಗೆ ಎಚ್ಚರ. "ಮೆದುಳಿನ ಕಾಯಿಲೆ" ಅಂದರೆ ಜನ ರೋಗಿಯನ್ನು ದೂರುವುದು ಕಮ್ಮಿ ಆಗುತ್ತದೆ ನಿಜ, ಆದರೆ "ಹಾಗಾದರೆ ಇವರು ಸರಿಹೋಗಲ್ಲ" ಅನ್ನುವ ಭಾವನೆ ಜಾಸ್ತಿ ಆಗುತ್ತದೆ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ಅದಕ್ಕಿಂತ ಕಾಯಿಲೆಯಿಂದ ಸುಧಾರಿಸಿಕೊಂಡವರೇ ಎದುರು ಕೂತು ಮಾತಾಡಿದರೆ ಪರಿಣಾಮ ಹೆಚ್ಚು. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ 2022ರ ಆಯೋಗ ಕಳಂಕದ ಬಗ್ಗೆ ಮುಖ್ಯವಾಗಿ ಹೇಳಿದ್ದು ಇದನ್ನೇ. ಸುಧಾರಿಸಿಕೊಂಡವರಿಗೆ ಮನಸ್ಸಿದ್ದರೆ ಮಾತ್ರ, ಬಲವಂತ ಬೇಡ. ಹೆಸರು ಹೊರಗೆ ಬಂದಮೇಲೆ ಕೆಲಸ ಹೋದರೆ, ಮದುವೆ ತಪ್ಪಿದರೆ ಅನುಭವಿಸುವವರು ಅವರು, ನಾವಲ್ಲ.

ಸಂಜೆಪಾಳಿ:
ನಾಟಕ ಕೈಬಿಡಿ. ಜನ ಮೊದಲು ಹೋಗುವುದೇ ಮಂತ್ರವಾದಿಗಳ ಹತ್ತಿರ, ಅವರನ್ನು ಬೈದರೆ ಆ ದಾರಿಯೂ ಮುಚ್ಚುತ್ತದೆ. ಘಾನಾ ಮತ್ತು ನೈಜೀರಿಯಾದಲ್ಲಿ ಆರೋಗ್ಯ ಕೇಂದ್ರದವರು ಇಂಥವರ ಜೊತೆಗೇ ಸೇರಿ ಕೆಲಸ ಮಾಡಿದಾಗ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ತೀವ್ರ ಸ್ಥಿತಿ) ಇದ್ದವರು ಹೆಚ್ಚು ಚೇತರಿಸಿಕೊಂಡರು, 2020ರಲ್ಲಿ ಆ ಫಲಿತಾಂಶ ಬಂದಿದೆ. ಸರಪಳಿ, ಹೊಡೆತ, ಉಪವಾಸ ಇವಕ್ಕೆ ಮಾತ್ರ ಖಡಾಖಂಡಿತ ಬೇಡ ಅನ್ನಿ. ಮಿಕ್ಕ ದುಡ್ಡನ್ನು ಬಸ್ ಚಾರ್ಜಿಗೆ ಇಟ್ಟುಕೊಳ್ಳಿ, ಚಿಕಿತ್ಸೆ ಅರ್ಧಕ್ಕೆ ಬಿಟ್ಟವರನ್ನು ವಾಪಸ್ ಕರೆತರಲು ಅದು ಬೇಕೇ ಬೇಕು. ಪೋಸ್ಟರ್ ಹಾಕಲೇಬೇಕು ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ದಪ್ಪಗೆ ಬರೆಸಿ. ಫೋನ್ ಮಾಡಲು ದುಡ್ಡು ಕೊಡಬೇಕಿಲ್ಲ, ಹಗಲೂ ರಾತ್ರಿ ಇರುತ್ತದೆ.