ಹೀಲರ್ ಇದ್ದೂ ನಮ್ಮ ಪಾರ್ಟಿ ಯಾಕೆ ಸಾಯುತ್ತೆ?

ಪ್ರಶ್ನೆ: ಮೇಡಂ, ನೀವು ಗೇಮ್‌ಗಳ ಕಾಂಬ್ಯಾಟ್ ಡಿಸೈನ್ ಮಾಡುವವರು, ಅದಕ್ಕೇ ಕೇಳುತ್ತಿದ್ದೇನೆ. ಸರದಿ ಪ್ರಕಾರ ಹೊಡೆದಾಡುವ ಬಾಲ್ಡರ್ಸ್ ಗೇಟ್ 3 ಆಡುತ್ತಿದ್ದೇನೆ, ಕಷ್ಟದ ಟ್ಯಾಕ್ಟಿಶಿಯನ್ ಮೋಡ್, ನಾಲ್ಕನೇ ಲೆವೆಲ್. ಕತ್ತಿ ಹಿಡಿದವರು ಇಬ್ಬರು, ಒಬ್ಬ ವಿಝರ್ಡ್ (ಮಂತ್ರವಾದಿ), ಒಬ್ಬಳು ಕ್ಲೆರಿಕ್ (ಗಾಯ ವಾಸಿಮಾಡುವ ಹೀಲರ್). ಗಾಬ್ಲಿನ್ ಕ್ಯಾಂಪಿನಲ್ಲಿ ಆರು ಸಲ ಸೋತೆ. ಕ್ಲೆರಿಕ್ ಪ್ರತಿ ಟರ್ನೂ ಯಾರನ್ನಾದರೂ ಹೀಲ್ ಮಾಡುತ್ತಲೇ ಇರುತ್ತಾಳೆ, ಆದರೂ ಒಬ್ಬೊಬ್ಬರಾಗಿ ಬೀಳುತ್ತಾರೆ. ಇನ್ನೊಬ್ಬ ಹೀಲರ್ ಸೇರಿಸಿಕೊಳ್ಳಲಾ?

ಉತ್ತರ: ಬೇಡ. ಇರುವವಳನ್ನೇ ಮೊದಲು ಆ ಕೆಲಸದಿಂದ ಬಿಡಿಸಿ.

ಆ ಲೆವೆಲ್‌ನಲ್ಲಿ ಅವಳ ಕ್ಯೂರ್ ವೂಂಡ್ಸ್ ಮಂತ್ರ ಸರಾಸರಿ ಏಳೆಂಟು ಹೆಲ್ತ್ ಕೊಡುತ್ತೆ, ಅಷ್ಟೇ. ಇಬ್ಬರು ಗಾಬ್ಲಿನ್‌ಗಳ ಏಟು ಬಿದ್ದರೆ ಅದಷ್ಟೂ ಹೋಯಿತು. ಅವಳ ಒಂದು ಟರ್ನ್, ಒಂದು ಸ್ಪೆಲ್ ಸ್ಲಾಟ್ (ಮಂತ್ರ ಹಾಕುವ ಒಂದು ಅವಕಾಶ) ಖರ್ಚಾಯಿತು, ಎದುರಿನ ಒಬ್ಬನೂ ಕಡಿಮೆಯಾಗಲಿಲ್ಲ.

ಇಂಥ ಗೇಮ್‌ಗಳಲ್ಲಿ ನಾನು ಹೆಲ್ತ್ ಎಣಿಸುವುದಿಲ್ಲ, ಟರ್ನ್ ಎಣಿಸುತ್ತೇನೆ. ಒಂದು ಲೆಕ್ಕ ನೋಡಿ. ಎದುರಿಗೆ ನಾಲ್ಕು ಜನ, ಒಬ್ಬೊಬ್ಬನಿಗೂ 40 ಹೆಲ್ತ್. ನಿಮ್ಮ ಪಾರ್ಟಿ ಒಂದು ರೌಂಡಿಗೆ ಒಟ್ಟು 40 ಡ್ಯಾಮೇಜ್ ಮಾಡುತ್ತೆ ಅಂತಿಟ್ಟುಕೊಳ್ಳಿ. ನಾಲ್ವರಿಗೂ ಹತ್ತತ್ತು ಹಂಚಿದರೆ ಮೂರು ರೌಂಡ್ ಎಲ್ಲರೂ ನಿಂತೇ ಇರುತ್ತಾರೆ. ನಿಮಗೆ ಹನ್ನೆರಡು ಏಟು. ಅದೇ ಒಬ್ಬನ ಮೇಲೇ ಎಲ್ಲರೂ ಮುಗಿಬಿದ್ದರೆ ರೌಂಡಿಗೊಬ್ಬ ಉರುಳುತ್ತಾನೆ, ತಿರುಗಿ ಬರುವುದು ಮೂರು, ಎರಡು, ಒಂದು, ಒಟ್ಟು ಆರೇ ಏಟು. ಡ್ಯಾಮೇಜ್ ಅಷ್ಟೇ, ತಿಂದ ಏಟು ಅರ್ಧ. ಒಂದೇ ಹೆಲ್ತ್ ಉಳಿದ ಗಾಬ್ಲಿನ್ ಕೂಡ ಪೂರ್ತಿ ಹೆಲ್ತ್ ಇರುವವನಷ್ಟೇ ಜೋರಾಗಿ ಹೊಡೆಯುತ್ತಾನೆ, ಅಲ್ವಾ?

ಕ್ಲೆರಿಕ್ ಮೊದಲ ಟರ್ನ್‌ನಲ್ಲೇ ಬ್ಲೆಸ್ ಹಾಕಲಿ. ಮೂರು ಜನರ ಪ್ರತಿ ಅಟ್ಯಾಕ್ ರೋಲಿಗೂ (ಏಟು ತಾಗುತ್ತಾ ಅಂತ ಉರುಳಿಸುವ ದಾಳ) ನಾಲ್ಕು ಮುಖದ ದಾಳ ಒಂದು ಜಾಸ್ತಿ ಸೇರುತ್ತೆ. ಅದು ಕಾನ್ಸಂಟ್ರೇಶನ್ ಮಂತ್ರ, ಗಮನ ಇಟ್ಟು ಹಿಡಿದಿರಬೇಕು, ಅವಳಿಗೆ ಏಟು ಬಿದ್ದರೆ ಕಳಚಿ ಹೋಗಬಹುದು. ಹಾಗಾಗಿ ಅವಳನ್ನು ಕಂಬದ ಹಿಂದೆ ನಿಲ್ಲಿಸಿ, ಮುಂದೆ ಬಿಡಬೇಡಿ. ಯಾರಾದರೂ ನೆಲಕ್ಕೆ ಬಿದ್ದರೆ ಮಾತ್ರ ಹೀಲಿಂಗ್ ವರ್ಡ್. ದೂರದಿಂದಲೇ ಆಗುತ್ತೆ, ಬೋನಸ್ ಆಕ್ಷನ್ (ಟರ್ನಿನಲ್ಲಿ ಸಿಗುವ ಸಣ್ಣ ಹೆಚ್ಚುವರಿ ಕೆಲಸ) ಸಾಕು. ಮುಖ್ಯ ಆಕ್ಷನ್ ಕೈಯಲ್ಲೇ ಉಳಿಯುತ್ತೆ.

ಇನ್ನು ಆ ಕ್ಯಾಂಪ್. ನೀವು ಹೇಗೆ ಸೋತಿರಿ ಅಂತ ಊಹಿಸಲಾ? ಎದುರಿಗೆ ಬಂದವನನ್ನು ಹೊಡೆಯುತ್ತಾ ನಿಂತಿರಿ, ಅಷ್ಟರಲ್ಲಿ ಇನ್ನೊಬ್ಬ ಓಡಿಹೋಗಿ ಯುದ್ಧದ ನಗಾರಿ ಬಾರಿಸಿದ. ಆಮೇಲೆ ಎಲ್ಲರೂ ಬಂದರು. ಮೊದಲ ಏಟು ಹತ್ತಿರದವನಿಗೂ ಬೇಡ, ದೊಡ್ಡವನಿಗೂ ಬೇಡ. ನಗಾರಿ ಕಡೆ ಓಡುವವನಿಗೆ ಕೊಡಿ. ಬಯಲಲ್ಲಿ ನಿಲ್ಲದೆ ಬಾಗಿಲಿನೊಳಗೆ ಹಿಂದೆ ಸರಿಯಿರಿ. ಹೊಸ್ತಿಲಿಗೆ ವಿಝರ್ಡ್ ತನ್ನ ಮಂತ್ರದಿಂದ ಗ್ರೀಸ್ ಸುರಿಯಲಿ. ಜಾರಿ ಬಿದ್ದವನ ಟರ್ನ್ ಹೋದಂತೆಯೇ. ಕತ್ತಿಯವರಿಬ್ಬರೂ ಆಚೀಚೆ ನಿಂತು ಬಿದ್ದವರನ್ನು ನೋಡಿಕೊಳ್ಳಲಿ.

ಸಾಧ್ಯವಾದರೆ ಬೇರೆ ಜಾಗ ಸುತ್ತಿ ಐದನೇ ಲೆವೆಲ್ ಮಾಡಿಕೊಂಡೇ ಬನ್ನಿ. ಆಗ ಫೈಟರ್‌ಗೆ ಒಂದೇ ಟರ್ನಿನಲ್ಲಿ ಎರಡು ಏಟು, ವಿಝರ್ಡ್‌ಗೆ ಗುಂಪನ್ನೇ ಸುಡುವ ಫೈರ್‌ಬಾಲ್ ಮಂತ್ರ. ಆಟವೇ ಬೇರೆ ಅನ್ನಿಸುತ್ತೆ.

ಪ್ರಶ್ನೆ (ಇನ್ನೊಬ್ಬರು): ಇಷ್ಟೆಲ್ಲಾ ಒದ್ದಾಟ ಯಾಕೆ, ಡಿಫಿಕಲ್ಟಿ ಇಳಿಸಿದರೆ ಆಗಲ್ವಾ? ಇಳಿಸಿದರೆ ಮೋಸ ಅಂತಾರೆ ನನ್ನ ಸ್ನೇಹಿತರು.

ಉತ್ತರ: ಇಳಿಸಿ. ನಡುವೆ ಬದಲಾಯಿಸಲು ಗೇಮೇ ಬಿಡುತ್ತೆ. ಒಂದೇ ಸೇವ್ ಇರುವ ಆನರ್ ಮೋಡ್ ಮಾತ್ರ ಬೇರೆ ಕಥೆ.

ಆದರೆ ಏನು ಇಳಿಸುತ್ತಿದ್ದೀರಿ ಅಂತ ಗೊತ್ತಿರಲಿ. ಟ್ಯಾಕ್ಟಿಶಿಯನ್‌ನಲ್ಲಿ ಶತ್ರುಗಳಿಗೆ 30% ಹೆಲ್ತ್ ಜಾಸ್ತಿ. ಕೇಳಲು ಸಣ್ಣದು. ಆದರೆ 15 ಹೆಲ್ತ್ ಇದ್ದವನು ಎಂಟೆಂಟರ ಎರಡು ಏಟಿಗೆ ಸಾಯುತ್ತಿದ್ದ, ಈಗ ಮೂರನೆಯದು ಬೇಕು. ಅಂದರೆ ಅವನಿಗೊಂದು ಟರ್ನ್ ಜಾಸ್ತಿ ಸಿಗಬಹುದು. ಖರ್ಚಾದ ಮಂತ್ರಗಳನ್ನು ತಿರುಗಿ ಕೊಡುವ ಲಾಂಗ್ ರೆಸ್ಟ್‌ಗೆ ಮಧ್ಯಮ ಕಷ್ಟದ ಬ್ಯಾಲೆನ್ಸ್ಡ್‌ನಲ್ಲಿ 40 ಕ್ಯಾಂಪ್ ಸಪ್ಲೈ (ಊಟದ ಸಾಮಾನು) ಸಾಕು, ಇಲ್ಲಿ 80 ಬೇಕು. ಮಂತ್ರಗಳನ್ನು ಎಗ್ಗಿಲ್ಲದೆ ಖರ್ಚು ಮಾಡುವವರಿಗೆ ನಿಜವಾದ ಪೆಟ್ಟು ಬೀಳುವುದು ಅಲ್ಲಿ.

ಪ್ರಶ್ನೆ: ಬರೀ ಹೆಲ್ತ್ ಏರಿಸುವುದು ಸೋಮಾರಿತನ ಅಲ್ವಾ ಮೇಡಂ? ಶತ್ರುಗಳಿಗೆ ಬುದ್ಧಿ ಕೊಡಬಾರದಾ?

ಉತ್ತರ: ಕೊಟ್ಟು ನೋಡಿದ್ದೇವೆ! ಒಂದು ಗೇಮಿನಲ್ಲಿ ಎಲ್ಲ ಶತ್ರುಗಳೂ ಆರ್ಮರ್ ಕಡಿಮೆ ಇರುವವರನ್ನೇ ಹುಡುಕಿ ಹೊಡೆಯುವಂತೆ ಮಾಡಿದೆವು. ಬುದ್ಧಿವಂತಿಕೆ ಸರಿಯೇ. ಆದರೆ ಟೆಸ್ಟ್ ಆಡಿದವರು ಎರಡೇ ದಿನಕ್ಕೆ ತಮ್ಮ ಮಂತ್ರವಾದಿಯನ್ನು ಪಕ್ಕದ ಕೋಣೆಯಲ್ಲಿ ಬಿಟ್ಟು ಮೂವರೇ ಒಳಗೆ ಹೋಗತೊಡಗಿದರು. ಪಾಪ, ಅವನು ಇಡೀ ಫೈಟ್ ಬಾಗಿಲ ಹೊರಗೆ. ಏಟು ತಡೆಯಲು ಮುಂದೆ ನಿಲ್ಲುವ ಟ್ಯಾಂಕ್ ಪಾತ್ರ ಆಡುವವರಿಗೂ ಬೇಜಾರು, ಅವರನ್ನು ಯಾರೂ ಮುಟ್ಟುವುದೇ ಇಲ್ಲ. ಕೊನೆಗೆ ಅರ್ಧ ಶತ್ರುಗಳನ್ನು ಬೇಕಂತಲೇ ಪೆದ್ದರನ್ನಾಗಿ ಮಾಡಿದೆವು, ತಮಗೆ ಕೊನೆಗೆ ಹೊಡೆದವನನ್ನೇ ಅಟ್ಟಿಸಿಕೊಂಡು ಹೋಗುತ್ತಾರೆ. ಸೋಮಾರಿತನದ ಗೇಮ್‌ಗಳೂ ಇವೆ, ಇಲ್ಲ ಅನ್ನಲ್ಲ.

ಪ್ರಶ್ನೆ: ಡಿವಿನಿಟಿ ಒರಿಜಿನಲ್ ಸಿನ್ 2ರಲ್ಲಿ ಎರಡು ಕತ್ತಿ, ಎರಡು ಮಂತ್ರ ಇಟ್ಟುಕೊಂಡಿದ್ದೇನೆ. ಯಾಕೋ ಏಟು ನಾಟುವುದೇ ಇಲ್ಲ.

ಉತ್ತರ: ಅದರಲ್ಲಿ ಫಿಸಿಕಲ್ ಆರ್ಮರ್, ಮ್ಯಾಜಿಕ್ ಆರ್ಮರ್ ಬೇರೆ ಬೇರೆ. ಕತ್ತಿ ಮೊದಲನೆಯದನ್ನು ಸವೆಸುತ್ತೆ, ಹೆಚ್ಚಿನ ಮಂತ್ರಗಳು ಎರಡನೆಯದನ್ನು. ಒಬ್ಬನ ಮೇಲೇ ಇಬ್ಬಿಬ್ಬರು ಒಂದೊಂದು ಗೋಡೆ ಕೆಡವುತ್ತಾ ಕೂತರೆ ಎರಡೂ ಅರ್ಧಕ್ಕೇ ನಿಲ್ಲುತ್ತವೆ. ಯಾವುದು ತೆಳುವಾಗಿದೆ ನೋಡಿ ಹಂಚಿಕೊಳ್ಳಿ. ಇಲ್ಲಾಂದ್ರೆ ಮೂರು ಜನರನ್ನು ಒಂದೇ ಕಡೆಗೆ ಹಾಕಿ.

ಮೊದಲು ಕೇಳಿದವರು: ಮೇಡಂ, ಗೆದ್ದೆ! ಐದನೇ ಲೆವೆಲ್‌ಗೂ ಕಾಯಲಿಲ್ಲ. ಕ್ಲೆರಿಕ್ ಇಡೀ ಫೈಟಿನಲ್ಲಿ ಒಂದೇ ಸಲ ಹೀಲ್ ಮಾಡಿದಳು.

ಉತ್ತರ: ಭೇಷ್! ಯಾರಿಗೆ?

ಮೊದಲು ಕೇಳಿದವರು: ವಿಝರ್ಡ್‌ಗೆ. ತಾನೇ ಸುರಿದ ಗ್ರೀಸ್ ಮೇಲೆ ಕಾಲಿಟ್ಟು ಜಾರಿ ಗಾಬ್ಲಿನ್‌ಗಳ ಮಧ್ಯೆ ಬಿದ್ದ.